ವೈರಿಂಗ್ ಕಾಕಾ, ಅಪ್ಪನ ವಿಭೂತಿ

ಕಾಕಾನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಒಂದು ವೈರು ಸರಿಯಾಗಿ ಕೂಡುವಷ್ಟು ಸಣ್ಣ ತಗ್ಗು. ವೈರಿನ ಸಿಪ್ಪೆ ಸುಲಿಯಲು ಬೇರೆಯವರು ಕಟರ್ ಹುಡುಕುತ್ತಿದ್ದರೆ ಇವರು ವೈರನ್ನು ಬಾಯಿಗಿಟ್ಟು, ಆ ತಗ್ಗಿನಲ್ಲಿ ಕೂಡಿಸಿ, ಚಟಕ್ಕನೆ ಎಳೆದುಬಿಡುತ್ತಿದ್ದರು. ತಾಮ್ರ ಕೈಯಲ್ಲಿ, ಪ್ಲಾಸ್ಟಿಕ್ ಬಾಯಲ್ಲಿ. ಅದನ್ನು ಪಕ್ಕಕ್ಕೆ ಉಗಿದು, ಯಾರನ್ನು ಬೈಯುತ್ತಿದ್ದರೋ ಅವರನ್ನು ಬೈಯುವುದನ್ನು ನಿಂತಲ್ಲಿಂದ ಮುಂದುವರಿಸುತ್ತಿದ್ದರು. ನಕ್ಕಾಗ ಆ ಕಚ್ಚು ಎದ್ದು ಕಾಣುತ್ತಿತ್ತು. ಆದರೆ ನಾನು ಅವರನ್ನು ಹತ್ತಿರದಿಂದ ಕಂಡ ದಿನಗಳಲ್ಲಿ ಅವರು ನಕ್ಕಿದ್ದು ಬಹಳ ಕಡಿಮೆ. ನಗುವಂಥ ದಿನಗಳೂ ಅವಾಗಿರಲಿಲ್ಲ.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅಂಗಡಿ ಅನ್ನುವುದು ಮರ್ಯಾದೆಗೆ. ಒಂದು ತಗಡಿನ ಶೆಡ್ಡು, ಒಂದು ಬೆಂಚು, ಗೋಡೆಗುಂಟ ಸತ್ತ ಬ್ಯಾಟರಿಗಳು. ಆಟೋದವರು, ಟ್ರ್ಯಾಕ್ಟರಿನವರು, ಬೀಜದ ಕಂಪನಿಗಳಿಗೆ ಟೆಂಪೋ ಓಡಿಸುವವರು, ಎಲ್ಲರಿಗೂ ಅವರು ವೈರಿಂಗ್ ಕಾಕಾ. ಯಾವ ಕಾಲದಲ್ಲೋ ಕೆಂಪು ವೈರಿನ ದೊಡ್ಡ ದೊಡ್ಡ ಸುರುಳಿಗಳನ್ನು ತಂದು ಒಟ್ಟಿಕೊಂಡಿದ್ದರು. ಹಾರನ್ನಿಗೂ ಕೆಂಪು, ಲೈಟಿಗೂ ಕೆಂಪು, ಇಂಡಿಕೇಟರಿಗೂ ಕೆಂಪು. ಯಾವುದು ಯಾವುದೆಂದು ಗುರುತಿಗೆ ತುದಿಯಲ್ಲಿ ಗಂಟು ಹಾಕುತ್ತಿದ್ದರು. ಹಾರನ್ನಿಗೆ ಒಂದು ಗಂಟು, ಲೈಟಿಗೆ ಎರಡು. ಅವರು ಮಾಡಿದ ಗಾಡಿಯನ್ನು ಬಿಚ್ಚಿದ ಬೇರೆ ಮಿಸ್ತ್ರಿಗಳು ಅವರ ವಂಶವನ್ನೆಲ್ಲ ನೆನೆಯುತ್ತಿದ್ದರು. ಕಾಕಾನಿಗೆ ಅದರ ನಾಚಿಕೆಯೇನೂ ಇರಲಿಲ್ಲ. ತಾನು ಕೈ ಹಚ್ಚಿದ ಗಾಡಿ ಕೆಟ್ಟರೆ ತನ್ನ ಹತ್ತಿರವೇ ಬರಬೇಕು ಅನ್ನುವುದು ಅವರ ಕಾನೂನು. ಮೇಲೆ ಜಂಬ ಬೇರೆ: ತಾನು ಮಾಡಿದ ಕೆಲಸ ಒಮ್ಮೆಯೂ ತಿರುಗಿ ಬಂದಿಲ್ಲವಂತೆ. ಹೊರಗೆ ಸಾಲಾಗಿ ನಿಂತ ಆಟೋಗಳಲ್ಲಿ ಅರ್ಧ ತಿರುಗಿ ಬಂದವೇ ಆಗಿರುತ್ತಿದ್ದವು.

ಅವರದೊಂದು ಮಾತಿತ್ತು, ‘ಅರ್ಥ’. ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಚಾಸಿ ಅನ್ನುವ ಗಾಡಿಯ ಕಬ್ಬಿಣದ ಮೈ ಹಿಡಿದು ಬ್ಯಾಟರಿಗೆ ತಿರುಗಿ ಹೋಗಬೇಕಲ್ಲ, ಆ ಹಾದಿಗೆ ಮಿಸ್ತ್ರಿಗಳು ಅರ್ಥ್ ಅನ್ನುತ್ತಾರೆ. ಕಾಕಾನ ಬಾಯಲ್ಲಿ ಅದು ನಮ್ಮ ಕನ್ನಡದ ಅರ್ಥವೇ ಆಗಿಹೋಗಿತ್ತು. ಈ ಟ್ರ್ಯಾಕ್ಟರಿಗೆ ಅರ್ಥ ಇಲ್ಲ, ಆ ಆಟೋದ ಅರ್ಥ ಸಡ್ಲ ಆಗೇತಿ, ಹೀಗೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮೊದಲ ಸಲ ಕೇಳಿದಾಗ ತಡೆಯಲಾರದೆ ನಕ್ಕುಬಿಟ್ಟೆ. ನಿನ್ನ ಅರ್ಥ ಪುಸ್ತಕದಾಗ ಇರತೈತಿ, ನನ್ನದು ಚಾಸಿಯೊಳಗ ಇರತೈತಿ ಎಂದು ಅವರು ಸಿಟ್ಟಿಗೆದ್ದರು.

ನಾನು ಅವರ ಶೆಡ್ಡಿಗೆ ಹೋಗಿದ್ದು ಅಪ್ಪನ ಮೋಟಾರ್‌ಸೈಕಲ್ಲಿಗಾಗಿ. ಅದು ಅಪ್ಪನ ಹರೆಯದ ಕಾಲದ ಗಾಡಿ. ಕಬ್ಬಿಣದ ಮೈ, ಅಗಲ ಟಾಂಕಿ, ಒದ್ದೇ ಎಬ್ಬಿಸಬೇಕಾದ ಇಂಜಿನ್ನು. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿಯ ದಲಾಲಿ ಅಂಗಡಿ. ಅಪ್ಪ ಬಂದರೆಂದು ಮಾರ್ಕೆಟ್ಟಿನ ಹಮಾಲರಿಗೆ ಗಾಡಿಯ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅಪ್ಪನ ಧ್ವನಿ ಅಂತ ಉಳಿದದ್ದು ಆ ಸದ್ದೊಂದೇ ಅಂತ ನನಗನ್ನಿಸುತ್ತಿತ್ತು. ಅದನ್ನು ಕೇಳದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಓಡಿಸಲು ಅಪ್ಪ ನನಗೆ ಕಲಿಸಿದ್ದರು. ಆದರೆ ಎಬ್ಬಿಸುವವರು ಯಾರು? ನಾನು ಒಮ್ಮೆ ಧೈರ್ಯ ಮಾಡಿ ಕಿಕ್ಕರ್ ಒದ್ದೆ. ಅದು ಉಲ್ಟಾ ಹೊಡೆಯಿತು. ಕಣಕಾಲು ಬಿರಿದು, ಪ್ಲಾಸ್ಟರ್ ಹಾಕಿಸಿಕೊಂಡು ಮೂಲೆ ಹಿಡಿದೆ. ಅಣ್ಣನಿಗೆ ಗಾಡಿಯ ಮೇಲೆ ದ್ವೇಷ ಹುಟ್ಟಿದ್ದು ಆಗ. ಅವನು ಕೆಟ್ಟವನಲ್ಲ. ತಂಗಿಯ ಕಾಲು ಮುರಿದ ಕಬ್ಬಿಣವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ. ಹಳೇ ಗಾಡಿ ಕೂಡಿಡುವ ಹುಬ್ಬಳ್ಳಿಯವರೊಬ್ಬರಿಗೆ ಮಾರುವುದಾಗಿ ಮಾತು ಕೊಟ್ಟುಬಿಟ್ಟ. ನಾನು ಕೂಗಾಡಿದೆ, ಊಟ ಬಿಟ್ಟೆ. ಕೊನೆಗೆ ಅಣ್ಣ ಒಂದು ಮಾತಿಗೆ ಬಂದ.

"ಅಮಾಸಿಗೆ ಅವ್ರು ಬರ್ತಾರ. ಅವತ್ತ ನಮ್ಮೆಲ್ಲಾರ ಮುಂದ ನೀನ ಚಾಲೂ ಮಾಡಿದಿ ಅಂದ್ರ ಗಾಡಿ ನಿಂದು. ಆದ್ರ ಕಿಕ್ಕರಿಗೆ ಕಾಲು ಹಚ್ಚಿದಿ ಅಂದ್ರ ಅವತ್ತ ಕೊಟ್ಟು ಕಳಸ್ತೇನಿ."

ಹಾಗಾದರೆ ಉಳಿದದ್ದು ಒಂದೇ ಹಾದಿ, ಸೆಲ್ಫ್. ಬೆರಳಿನಿಂದ ಗುಂಡಿ ಒತ್ತಿದರೆ ಇಂಜಿನ್ನು ತಿರುಗಿಸುವ ಮೋಟಾರು. ಅಪ್ಪನ ಗಾಡಿಗೆ ಅದು ಬಂದೇ ಇರಲಿಲ್ಲ. ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿ ರಾಣೆಬೆನ್ನೂರಿಗೆ ಒಯ್ದೆ.

ಕಾಕಾ ಗಾಡಿ ಕಂಡವರೇ ಎದ್ದು ನಿಂತರು. ಅಪ್ಪನೂ ಅವರೂ ಹಳೇ ದೋಸ್ತರು, ಹಳೇ ಜಗಳಗಂಟರು. ರವಿವಾರಕ್ಕೊಮ್ಮೆ ಅಪ್ಪ ಅದೇ ಬೆಂಚಿನ ಮೇಲೆ ಕೂತು ವಾದ ಮಾಡುತ್ತಿದ್ದದ್ದು ಇದೇ ಸೆಲ್ಫ್ ವಿಷಯಕ್ಕೆ. ಹಚ್ಚಿಕೊಡ್ತೇನಿ ಅಂತ ಇವರು, ಒದ್ದು ಎಬ್ಬಿಸಲಾರದವನು ಗಾಡಿ ಯಾಕೆ ಇಟ್ಟುಕೊಳ್ಳಬೇಕು ಅಂತ ಅಪ್ಪ. ಈಗ ಅಪ್ಪ ಇಲ್ಲದಾಗ ಗೆಲ್ಲಲು ಕಾಕಾನಿಗೆ ಮನಸ್ಸಾಗಲಿಲ್ಲ. ಒಲ್ಲೆ ತಂಗಿ, ಅವ ಮ್ಯಾಲಿಂದ ಬೈತಾನ ಅಂದರು. ನಾನು ಸೀರೆ ಸರಿಸಿ ಕಣಕಾಲಿನ ಬಾವು ತೋರಿಸಿದೆ. ಅವರು ಬಗ್ಗಿ ಅದನ್ನು ನೋಡಿದರು. ಆಮೇಲೆ ಗಾಡಿಯನ್ನು ಶೆಡ್ಡಿನೊಳಗೆ ನೂಕಿಸಿದರು.

ಹೊರಡುವ ಮುಂಚೆ ನಾನು ಒಂದೇ ಕರಾರು ಹಾಕಿದೆ. ಬ್ಯಾಟರಿ ಡಬ್ಬಿಯ ಕೆಳಗೆ, ಇಂಜಿನ್ನು ಚಾಸಿಗೆ ಕೂಡುವಲ್ಲಿ ಒಂದು ಅಗಲ ಪಟ್ಟಿ ಇದೆ. ಅಪ್ಪ ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವಾಗ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದದ್ದು ಆ ಪಟ್ಟಿಯ ಮೇಲೆ. ಮೇಲೆ ಅರಿಶಿಣ, ಕುಂಕುಮ. ಕಾಯಿ ಒಡೆದು ನೀರು ಬಿಡುತ್ತಿದ್ದದ್ದೂ ಅಲ್ಲಿಯೇ. ಗಾಡಿ ತೊಳೆದರೂ ಅಷ್ಟು ಜಾಗ ತೊಳೆಯಗೊಡುತ್ತಿರಲಿಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಕೂತು ಅದು ಹೆಪ್ಪಳಿಕೆಯಾಗಿ ಗಟ್ಟಿಯಾಗಿತ್ತು. ಎಲ್ಲಕ್ಕೂ ಮೇಲೆ, ಅಪ್ಪ ಕೊನೆಯ ಸಲ ಎಳೆದ ಮೂರು ಗೆರೆ ಇನ್ನೂ ಹಾಗೆಯೇ ಇದ್ದವು. ಅದನ್ನು ಮುಟ್ಟಬ್ಯಾಡ್ರಿ ಕಾಕಾ ಅಂದೆ. ಅವರು ಆಗಲಿ ಅಂತ ಗೋಣು ಹಾಕಿದರು.

ಮೋಟಾರು ಕೂಡಿಸುವ ಕಬ್ಬಿಣದ ಕೆಲಸವನ್ನು ಪಕ್ಕದ ಮಿಸ್ತ್ರಿಯೊಬ್ಬರು ಮಾಡಿಕೊಟ್ಟರು. ವೈರಿಂಗ್ ಪೂರ್ತಿ ಕಾಕಾಂದು. ನಾನು ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದೆ. ಕುಂಟಿಕೊಂಡು ಬಂದವಳಿಗೆ ಅವರು ಕುಂದ್ರು ಅಂತಲೂ ಅನ್ನುತ್ತಿರಲಿಲ್ಲ, ಚಹಾ ಮಾತ್ರ ತರಿಸುತ್ತಿದ್ದರು. ಹಳೆಯ ವೈರುಗಳನ್ನೆಲ್ಲ ಕಿತ್ತು ಹಾಕಿ, ದೊಡ್ಡ ಬ್ಯಾಟರಿ ಕೂಡಿಸಿ, ಮೋಟಾರಿಗೆ ಬೆರಳು ಗಾತ್ರದ ದಪ್ಪ ವೈರು ಎಳೆದರು. ಕ್ಲಚ್ಚಿಗೆ ಒಂದು ಸ್ವಿಚ್ಚು ಇಟ್ಟರು. ಕ್ಲಚ್ ಹಿಡಿಯದೆ ಗುಂಡಿ ಒತ್ತಿದರೆ ಏನೂ ಆಗಬಾರದು. ಗೇರಿನಲ್ಲಿದ್ದಾಗ ಒತ್ತಿ ಗಾಡಿ ಹಾರಿ ಬಿದ್ದೀಯ ಅಂತ. ಮೊದಲು ಹಿಡಿ, ಆಮ್ಯಾಲೆ ಒತ್ತು. ಈ ಪಾಠವನ್ನು ನನಗೆ ಬೇಸರ ಬರುವಷ್ಟು ಸಲ ಹೇಳಿದರು.

ಮೊದಲ ಸಲ ಒತ್ತಿದಾಗ ಇಂಜಿನ್ನು ತಿರುಗಲಿಲ್ಲ. ಮೋಟಾರಿಗೆ ಕರೆಂಟು ಬಿಡುವ ರಿಲೇ ಒಂದು ‘ಟಕ್’ ಅಂತು, ಲೈಟು ಮಂಕಾಯಿತು, ಅಷ್ಟೇ. ಹೊಸದಕ್ಕೆ ಹಾಗಾಗುತ್ತದೆ ಅಂದರು. ಮತ್ತೆ ಒತ್ತಿದೆ. ಟಕ್. ಹಾರನ್ನು ಓಣಿ ಎಬ್ಬಿಸುವ ಹಾಗೆ ಕೂಗುತ್ತಿತ್ತು, ಲೈಟು ಝಗಝಗ ಹತ್ತುತ್ತಿತ್ತು, ಸೆಲ್ಫ್ ಮಾತ್ರ ಟಕ್ ಅಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಸರಿ ಇಲ್ಲವೆಂದು ಬೇರೆ ಬ್ಯಾಟರಿ ಇಟ್ಟರು. ರಿಲೇ ಬದಲಿಸಿದರು. ಮೋಟಾರು ಬಿಚ್ಚಿ, ನೇರವಾಗಿ ಬ್ಯಾಟರಿಗೆ ಹಚ್ಚಿ ನೋಡಿದರು. ಹೊರಗಿಟ್ಟರೆ ಗರ್ರೆಂದು ತಿರುಗಿತು. ಗಾಡಿಗೆ ಕೂಡಿಸಿದರೆ ಮತ್ತೆ ಅದೇ ಟಕ್.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅಣ್ಣ ಫೋನು ಮಾಡಿ ಆಯಿತೇನು ಅಂತ ಕೇಳುವುದನ್ನು ಬಿಟ್ಟಿದ್ದ. ಅದು ಕೇಳುವುದಕ್ಕಿಂತ ಕೆಟ್ಟದಾಗಿತ್ತು. ಹುಬ್ಬಳ್ಳಿಯವರು ಗಾಡಿ ಹೇರಲು ವಾಹನ ಗೊತ್ತು ಮಾಡಿದ್ದಾರೆಂದು ಅವ್ವನಿಂದ ತಿಳಿಯಿತು. ರಾತ್ರಿ ಮಲಗಿದರೆ ಕಿವಿಯಲ್ಲಿ ಟಕ್ ಕೇಳಿಸುತ್ತಿತ್ತು. ಶಾಲೆಯಲ್ಲಿ ಯಾರೋ ಡೆಸ್ಕಿಗೆ ಪೆನ್ನು ಬಡಿದರೆ ಮೈ ಉರಿಯುತ್ತಿತ್ತು. ಕಾಕಾನೂ ಮಾತು ಬಿಟ್ಟಿದ್ದರು. ಬೈಗುಳವೂ ನಿಂತಿತ್ತು, ಅದನ್ನು ಕಂಡು ನನಗೆ ಹೆದರಿಕೆ ಆಯಿತು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಶಾಲೆಗೆ ರಜೆ ಹಾಕಿ ಹೋಗಿದ್ದೆ. ಕಾಕಾ ಇಂಜಿನ್ನಿನ ಕಡೆ ಬಗ್ಗಿ, ಒತ್ತು ಅಂದಾಗ ನಾನು ಒತ್ತುತ್ತಿದ್ದೆ, ಬಿಡು ಅಂದಾಗ ಬಿಡುತ್ತಿದ್ದೆ. ಹಟಕ್ಕೆ ಬಿದ್ದು ಒಂದು ಸಲ ಬಹಳ ಹೊತ್ತು ಒತ್ತಿ ಹಿಡಿದೆ. ಎಡಗೈಯಲ್ಲಿ ಹಿಡಿದ ಕ್ಲಚ್ಚಿನ ಕಡೆಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಕ್ಲಚ್ ವೈರು ಬೆರಳಿಗೆ ತಾಗಿ ಚುರ್ ಅಂತು.

"ಕಾಕಾ, ಕ್ಲಚ್ ವೈರು ಸುಡಾಕತ್ತೈತ್ರಿ" ಅಂದೆ.

ಕೈ ಬಿಡು ಎಂದು ಚೀರಿ ಅವರು ನನ್ನನ್ನು ಹಿಂದಕ್ಕೆ ಎಳೆದರು. ಹೊಗೆ ಸಣ್ಣಗೆ ಎದ್ದು ನಿಂತಿತು. ಅವರು ಕ್ಲಚ್ ವೈರನ್ನೇ ನೋಡುತ್ತ ನಿಂತರು. ಕ್ಲಚ್ ವೈರಿಗೂ ಕರೆಂಟಿಗೂ ಸಂಬಂಧವೇ ಇಲ್ಲ, ಅದು ಬರೀ ಎಳೆಯುವ ತಂತಿ. ಕಾಕಾ ಮೂಲೆಯಲ್ಲಿದ್ದ ಬಲ್ಬು ತಂದರು. ಎರಡು ವೈರು ಹಚ್ಚಿದ ಹಳೇ ಇಂಡಿಕೇಟರ್ ಬಲ್ಬು, ಅವರ ಪರೀಕ್ಷೆಯ ಸಾಮಾನು ಅದೊಂದೇ. ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಬ್ಯಾಟರಿಯ ಅರ್ಥದ ಕಡೆಗೆ ಹಿಡಿದು ಒತ್ತು ಅಂದರು. ಕೈಗೆ ಅರಿವೆ ಸುತ್ತಿಕೊಂಡು ಒಂದೇ ಸಲ ಒತ್ತಿ ಬಿಟ್ಟೆ. ಎರಡೂ ಸರಿಯಾಗಿ ಕೂಡಿದ್ದರೆ ಅಲ್ಲಿ ಬಲ್ಬು ಹತ್ತಬಾರದು. ಹತ್ತಿತು.

ಕಾಕಾ ಬಲ್ಬು ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟರು. ಮೋಟಾರಿನ ಕರೆಂಟಿಗೆ ಬ್ಯಾಟರಿಗೆ ತಿರುಗಿ ಹೋಗುವ ಹಾದಿ ಸಿಗುತ್ತಿರಲಿಲ್ಲ. ಸಿಗದೆ ಕ್ಲಚ್ ವೈರು ಹತ್ತಿ, ಹ್ಯಾಂಡಲ್ ಸುತ್ತಿ, ಕಳ್ಳ ಹಾದಿ ಹಿಡಿದಿತ್ತು. ಲೈಟು, ಹಾರನ್ನಿಗೆ ಬೇಕಾಗುವುದು ಸಣ್ಣ ಕರೆಂಟು, ಹೇಗೋ ನುಸುಳುತ್ತಿತ್ತು. ಸೆಲ್ಫ್ ಬೇಡುವುದು ದೊಡ್ಡ ಪಾಲು. ದಪ್ಪ ಅರ್ಥದ ವೈರನ್ನು ಎಲ್ಲಿ ಕೂಡಿಸಿದ್ದೀರಿ ಅಂತ ನಾನು ಕೇಳಲಿಲ್ಲ. ಬ್ಯಾಟರಿ ಡಬ್ಬಿಯ ಕೆಳಗೆ ಅವರ ಕಣ್ಣು ನೆಟ್ಟಿದ್ದನ್ನು ನೋಡಿದೆ.

"ತಂಗಿ, ತಪ್ಪು ನಂದು" ಅಂದರು. "ಅರ್ಥ ಕೂಡೋ ಕಡೆ ಬರೇ ಕಬ್ಬಿಣ ಕಾಣಬೇಕು. ಕೆರದು ಕೂಡಿಸಬೇಕು ಅಂತ ನನಗ ಗೊತ್ತಿತ್ತು. ನಿಮ್ಮಪ್ಪನ ಬೆರಳು ಕಂಡವು. ಕೈ ಬರಲಿಲ್ಲ. ವಿಭೂತಿ ಮ್ಯಾಲೇ ಬೋಲ್ಟ್ ಬಿಗದೇನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಸ ಬ್ಯಾಟರಿ, ಹೊಸ ರಿಲೇ, ಬಿಚ್ಚಿದ ಮೋಟಾರು, ಕುಂಟುತ್ತ ಹತ್ತಿಳಿದ ಬಸ್ಸುಗಳು, ಎಲ್ಲವನ್ನೂ ಎತ್ತಿ ಆಡಿದೆ. ಮುಟ್ಟಬೇಡಿ ಅಂದವಳು ನಾನೇ ಅನ್ನುವುದನ್ನು ಸಿಟ್ಟಿನಲ್ಲಿ ಮರೆತೆ. ಅವರು ನೆನಪು ಮಾಡಿಕೊಡಲೂ ಇಲ್ಲ. ಬಾಯಿ ಸೋತ ಮೇಲೆ ಬೇರೆ ಕಡೆ ಕೂಡಿಸ್ರಿ ಅಂದೆ. ಇಂಜಿನ್ನಿಗೆ ಬೇರೆ ಬೋಲ್ಟು ಇಲ್ಲವೇನು?

ಕಾಕಾ ಸ್ಕ್ರೂಡ್ರೈವರಿನ ತುದಿಯಿಂದ ಆ ಹೆಪ್ಪಳಿಕೆಯ ಅಂಚನ್ನು ಮಾತ್ರ ಮೆಲ್ಲಗೆ ಎಬ್ಬಿಸಿದರು. ಕೆಳಗಿನಿಂದ ಕೆಂಪು ಜಂಗಿನ ಪದರು ಉದುರಿತು. ವರ್ಷಗಟ್ಟಲೆ ಬಿಟ್ಟ ಕಾಯಿನೀರು ಒಳಗೊಳಗೇ ಕಬ್ಬಿಣ ತಿನ್ನುತ್ತಿತ್ತು.

"ಬ್ಯಾರೆ ಕಡೆ ಕಟ್ಟಿದ್ರ ನಾಳೆ ಚಾಲೂ ಆಗತೈತಿ, ಖರೇ. ನಿಮ್ಮಣ್ಣನ ಮುಂದ ನೀ ಗೆಲ್ಲತಿ. ಆದ್ರ ಇಂಜಿನ್ ನಿಂತಿದ್ದು ಈ ಪಟ್ಟಿ ಮ್ಯಾಲೆ ತಂಗಿ. ಇದು ಹಿಂಗ ಇದ್ರ ಒಂದಿನ ಹಾದಿಯೊಳಗ ಮುರಿತೈತಿ. ಅವತ್ತ ಗಾಡಿ ಮ್ಯಾಲೆ ನೀ ಇರ್ತಿ."

ನಾನು ಎದ್ದು ಹೋದೆ. ಚಹಾದ ಅಂಗಡಿಯಲ್ಲಿ ಕೂತು ಅತ್ತೆ. ಹೋಗಿ ಬರುವವರು ನೋಡುತ್ತಿದ್ದರು, ನೋಡಲಿ ಅಂದುಕೊಂಡೆ. ಅಪ್ಪನ ಫೋಟೋ ಇದೆ, ಅಂಗಿ ಇವೆ, ಓದುವ ಚಾಳೀಸು ಇದೆ. ಆದರೆ ಬೆರಳು ಎಳೆದ ಗುರುತು ಅಂತ ಈ ಲೋಕದಲ್ಲಿ ಉಳಿದದ್ದು ಆ ಮೂರು ಗೆರೆ. ಗಾಡಿ ಉಳಿಸಿಕೊಳ್ಳಬೇಕಾದರೆ ಅವನ್ನು ನಾನೇ ಅಳಿಸಬೇಕು. ಬಿಟ್ಟರೆ ಗೆರೆಗಳ ಸಮೇತ ಗಾಡಿ ಹುಬ್ಬಳ್ಳಿಗೆ ಹೋಗುತ್ತದೆ, ಅಲ್ಲಿ ಯಾರೋ ಮೊದಲ ದಿನವೇ ತೊಳೆದುಹಾಕುತ್ತಾರೆ.

ತಿರುಗಿ ಬಂದಾಗ ಕಾಕಾ ಕೂತಲ್ಲೇ ಕೂತಿದ್ದರು. ಪಾಲಿಶ್ ಕಾಗದ ಕೊಡ್ರಿ ಅಂದೆ. ನಾ ಮಾಡ್ಲೇನು ಅಂದರು. ಬ್ಯಾಡ್ರಿ ಅಂದೆ. ಅವರು ಬೋಲ್ಟು ಬಿಚ್ಚಿಕೊಟ್ಟರು, ಕೆಳಗೆ ಒಂದು ಹಳೇ ಪೇಪರು ಹಾಸಿದರು. ನಾನು ನನ್ನ ಮೂರು ಬೆರಳನ್ನು ಒಮ್ಮೆ ಆ ಗೆರೆಗಳ ಮೇಲಿಟ್ಟೆ. ಆಮೇಲೆ ಉಜ್ಜಿದೆ. ವಿಭೂತಿ, ಕುಂಕುಮ, ಅರಿಶಿಣ, ಜಂಗು ಎಲ್ಲ ಕೂಡಿ ಕಾವಿ ಬಣ್ಣದ ಪುಡಿಯಾಗಿ ಪೇಪರಿನ ಮೇಲೆ ಬಿತ್ತು. ಕಬ್ಬಿಣ ಬೆಳ್ಳಗೆ ಕಾಣುವವರೆಗೆ ನಿಲ್ಲಿಸಬ್ಯಾಡ ಅಂದರು ಕಾಕಾ. ನಿಲ್ಲಿಸಲಿಲ್ಲ.

ಮುಗಿದ ಮೇಲೆ ಅವರು ಬಗ್ಗಿ ಆ ಪುಡಿಯಲ್ಲಿ ಮೂರು ಬೆರಳು ಅದ್ದಿ ತಮ್ಮ ಹಣೆಗೆ ಎಳೆದುಕೊಂಡರು. ಜಂಗು ಹತ್ತಿದ ಹಣೆಯಿಂದಲೇ ನನ್ನತ್ತ ತಿರುಗಿ, ಅವನ ಕೂಡ ಜಗಳಾಡಿದ್ದ ಆತು, ಒಮ್ಮೆರೆ ಕೈ ಮುಗಿದಿರಲಿಲ್ಲ ಅಂದರು. ನಾನೂ ಹಚ್ಚಿಕೊಂಡೆ. ಉಳಿದದ್ದನ್ನು ಅವರೇ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು.

ಅರ್ಥದ ವೈರನ್ನು ಬರೀ ಕಬ್ಬಿಣಕ್ಕೆ ಕೂಡಿಸಿ ಬಿಗಿದರು. ಸುಟ್ಟ ಕ್ಲಚ್ ವೈರು ತೆಗೆದು ಹೊಸದು ಹಾಕಿದರು. ನಾನು ಹಿಡಿದೆ, ಒತ್ತಿದೆ. ಟಕ್ ಅನ್ನಲಿಲ್ಲ. ಗರ್ರ್ ಅಂತು, ಒಮ್ಮೆ ಕೆಮ್ಮಿತು, ಅಪ್ಪನ ಗಾಡಿ ಎದ್ದಿತು. ಆ ಸದ್ದಿನಲ್ಲಿ ಕಾಕಾ ಏನೋ ಅಂದರು, ಕೇಳಿಸಲಿಲ್ಲ. ಹಲ್ಲಿನ ಕಚ್ಚು ಕಂಡಿತು, ಅಂದರೆ ನಗುತ್ತಿದ್ದರು.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಶೆಡ್ಡಿಗೆ ಹೋಗಿ, ಬಿಸಿಲೇರುವ ಮುಂಚೆ ಗಾಡಿ ಓಡಿಸಿಕೊಂಡು ಹೊರಟೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಯ ರಸ್ತೆ ಹಿಡಿದಾಗ ಮೆಣಸಿನಕಾಯಿಯ ಘಾಟು ಮೂಗಿಗೆ ಬಂತು. ಮನೆ ಮುಂದೆ ಅಣ್ಣ, ಹುಬ್ಬಳ್ಳಿಯವರು, ಓಣಿಯ ಮಂದಿ. ಬರುವಾಗಿನ ಸದ್ದು ಎಲ್ಲರೂ ಕೇಳಿದ್ದರು, ಆದರೂ ಅಣ್ಣ ಬಂದ್ ಮಾಡಿ ಮತ್ತೆ ಚಾಲೂ ಮಾಡು ಅಂದ. ಅವನಿಗೆ ಕಣ್ಣಾರೆ ಕಾಣಬೇಕು. ಬಂದ್ ಮಾಡಿದೆ. ಅವ್ವ ಪೂಜೆಯ ತಟ್ಟೆ ಹಿಡಿದು ನಿಂತಿದ್ದಳು.

ಒತ್ತಿದೆ. ಏನೂ ಆಗಲಿಲ್ಲ. ಟಕ್ ಕೂಡ ಇಲ್ಲ. ಹುಬ್ಬಳ್ಳಿಯವರು ಅಣ್ಣನ ಮುಖ ನೋಡಿದರು. ಮತ್ತೆ ಒತ್ತಿದೆ, ಇಲ್ಲ. ಯಾರೋ ಕಿಕ್ಕರ್ ಒದಿಯವ್ವಾ ಅಂದರು. ಹಾಳಾಗಿ ಹೋಗು ಅಂತ ಮನಸ್ಸಿನಲ್ಲಿ ಕಾಕಾನನ್ನು ಬೈಯಲು ಹೊರಟವಳಿಗೆ ಅವರ ಪಾಠ ನೆನಪಾಯಿತು. ಮೊದಲು ಹಿಡಿ. ಎಡಗೈ ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಇತ್ತು. ಕ್ಲಚ್ ಹಿಡಿದೆ. ಒತ್ತಿದೆ.

ಎದ್ದ ಸದ್ದಿಗೆ ಅವ್ವ ತಟ್ಟೆ ಹಿಡಿದಲ್ಲೇ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅಪ್ಪನ ಹಾಗೆಯೇ ಗಾಡಿಯ ಮೇಲೆ ನೀರು ಬಿಡಲು ಕಾಯಿ ಎತ್ತಿಕೊಂಡಳು. ಅಣ್ಣ ನನ್ನ ಮುಖ ನೋಡಿದ, ನಾನು ಬೇಡ ಅಂತ ತಲೆಯಾಡಿಸಿದೆ. ಅವನಿಗೆ ಕಾರಣ ಗೊತ್ತಿರಲಿಲ್ಲ. ಆದರೂ ಅವ್ವನ ಕೈಯಿಂದ ಕಾಯಿ ತಗೊಂಡು ಗಾಲಿಯ ಮುಂದೆ ನೆಲಕ್ಕೆ ಒಡೆದ. ಹುಬ್ಬಳ್ಳಿಯವರು ಚಹಾ ಕುಡಿದು ಹೋದರು.

ಕಾಕಾನಿಗೆ ಫೋನು ಮಾಡಿ ಹೇಳಿದೆ. ಕಾಣಲು ಬರುತ್ತೇನೆ ಅಂದರೆ, ಗಾಡಿ ಕೆಟ್ಟರ ಬಾ, ಸುಮ್ಮಸುಮ್ಮನ ಬಂದು ಬೆಂಚು ಸವಸಬ್ಯಾಡ ಅಂದರು. ಗಾಡಿ ಕೆಡಲಿಲ್ಲ. ಗುತ್ತಲದ ಕಡೆಗೆ, ಹಾವೇರಿಗೆ, ಶಾಲೆಗೆ, ಮಳೆಯಲ್ಲಿ, ಕೆಸರಿನಲ್ಲಿ ಓಡಿಸಿದೆ. ಒಂದು ದಿನವೂ ಸೆಲ್ಫ್ ಕೈ ಕೊಡಲಿಲ್ಲ. ಅವರ ಜಂಬ ಕಡೆಗೂ ನನ್ನ ಗಾಡಿಯ ಮಟ್ಟಿಗೆ ಖರೇ ಆಯಿತು. ಖರೇ ಆಗಬಾರದಿತ್ತು. ಒಮ್ಮೆ ಕೆಟ್ಟಿದ್ದರೆ ಇನ್ನೊಮ್ಮೆ ಅವರನ್ನು ನೋಡುತ್ತಿದ್ದೆ.

ಮುಂದಿನ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಟೆಂಪೋದವರೊಬ್ಬರು ಸುದ್ದಿ ತಂದರು. ಮುಂಜಾನೆ ಶೆಡ್ಡಿನ ಬಾಗಿಲು ತೆಗೆಯುವಾಗಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲವಂತೆ. ನಾನು ಅದೇ ಗಾಡಿಯ ಮೇಲೆ ಹೋದೆ. ಅವರನ್ನು ನಮ್ಮ ಕಡೆಯ ರೂಢಿಯಂತೆ ಮನೆಯ ಪಡಸಾಲೆಯಲ್ಲಿ ಕೂಡಿಸಿದ್ದರು, ಹಣೆ ತುಂಬ ವಿಭೂತಿ. ಬಾಯಿ ತುಸು ತೆರೆದಿತ್ತು, ಹಲ್ಲಿನ ಕಚ್ಚು ಕಾಣುತ್ತಿತ್ತು. ಕೈ ಮುಗಿದು ಹೊರಗೆ ಬಂದೆ. ಹೊರಗೆ ನಿಂತಿದ್ದ ಆಟೋದವರು, ಇನ್ನು ನಮ್ಮ ಗಾಡಿಯ ಗಂಟು ಬಿಚ್ಚುವವರು ಯಾರು ಅಂತ ಅಳುತ್ತಿದ್ದರು.

ಈಗಲೂ ಪ್ರತಿ ಅಮಾವಾಸ್ಯೆಗೆ ಅವ್ವ ತಟ್ಟೆ ಹಿಡಿದು ಅಂಗಳಕ್ಕೆ ಬರುತ್ತಾಳೆ. ಕಾಕಾ ಕಟ್ಟಿಕೊಟ್ಟ ಪೊಟ್ಟಣದಿಂದ ಚಿಟಿಕೆಯಷ್ಟು ತೆಗೆದು ಹೊಸ ವಿಭೂತಿಗೆ ಕೂಡಿಸುತ್ತೇನೆ. ಟಾಂಕಿಗೆ, ಹೆಡ್‌ಲೈಟಿಗೆ, ಹ್ಯಾಂಡಲ್ಲಿಗೆ ಅವ್ವ ಮೂರು ಬೆರಳು ಎಳೆಯುತ್ತಾಳೆ. ಕೈ ಬ್ಯಾಟರಿ ಡಬ್ಬಿಯ ಕೆಳಗೆ ಹೋಗುತ್ತಿದ್ದಂತೆ ನಾನು ಹಿಡಿಯುತ್ತೇನೆ.

"ಅಲ್ಲೆ ಬ್ಯಾಡ ಯವ್ವಾ. ಅದು ಕಾಕಾಂದು."

ಆ ಬೋಲ್ಟನ್ನು ಅರಿವೆಯಿಂದ ಒರೆಸಿ, ಬರೀ ಕಬ್ಬಿಣ ಕಾಣುವ ಹಾಗೆ ಬಿಡುತ್ತೇನೆ. ಆಮೇಲೆ ಮೊದಲು ಹಿಡಿದು, ಒತ್ತುತ್ತೇನೆ.